ನೀಲಿ ಗೇಟಿನ ಆಂಟಿಗೆ ಹತ್ತು ಮಾತ್ರೆ

ನಾನು ಮುಖ ಮರೆಯುವವನಲ್ಲ, ಆದರೆ ಹೆಸರು ಮಾತ್ರ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಹೇರೋಹಳ್ಳಿಯಲ್ಲಿ ಇಷ್ಟು ವರ್ಷ ಮೆಡಿಕಲ್ ಶಾಪ್ ನಡೆಸಿದರೂ ಇದೊಂದು ಕೊರತೆ ಅಂತ ನನಗೆ ಅನ್ನಿಸಿರಲೇ ಇಲ್ಲ. ಬಂದವರೆಲ್ಲ ಆಂಟಿ, ಅಣ್ಣ, ಅಜ್ಜಿ, ಸಾರ್. ಅಷ್ಟರಲ್ಲೇ ವ್ಯಾಪಾರ, ವಿಶ್ವಾಸ, ಯುಗಾದಿಯ ಒಬ್ಬಟ್ಟು ಎಲ್ಲ ನಡೆದುಹೋಗುತ್ತದೆ. ಈಗ ಹೆಸರು ಕೇಳಿದರೆ ತಪ್ಪು ತಿಳಿದುಕೊಂಡಾರು ಎಂಬ ಸಂಕೋಚ ಬೇರೆ.

ಪೇಚಿಗೆ ಸಿಕ್ಕಿಸಿದ್ದು ನಿದ್ದೆ ಮಾತ್ರೆ. ಅದನ್ನು ಚೀಟಿ ನೋಡಿಯೇ ಕೊಡಬೇಕು. ಯಾರಿಗೆ, ಎಷ್ಟು, ಯಾವ ಡಾಕ್ಟರು ಬರೆದದ್ದು ಎಂದು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಕಾನೂನು ಸರಿಯಾದದ್ದೇ. ಅಡ್ಡದಾರಿ ಹಿಡಿಯುವ ಮಾತ್ರೆಗಳ ಜಾಡು ಸಿಗಬೇಡವೇ? ಚೀಟಿಯಿಲ್ಲದೆ ನಾನು ಒಂದು ಮಾತ್ರೆಯನ್ನೂ ಕೊಟ್ಟವನಲ್ಲ. ಆದರೆ ನಮ್ಮ ಬಡಾವಣೆಯ ಡಾಕ್ಟರ ಅಕ್ಷರದಲ್ಲಿ ಮಾತ್ರೆಯ ಹೆಸರನ್ನು ಅಭ್ಯಾಸಬಲದಿಂದ ಓದಬಹುದೇ ಹೊರತು ಮನುಷ್ಯರ ಹೆಸರನ್ನು ಓದಲು ಬ್ರಹ್ಮನಿಂದಲೂ ಆಗದು. ಹಾಗಾಗಿ ಎದುರಿಗಿದ್ದ ಮುಖ ನೋಡಿ ನನಗೆ ತಿಳಿದಂತೆ ಬರೆದುಕೊಂಡಿದ್ದೆ.

ಮೊನ್ನೆ ತಪಾಸಣೆಗೆ ಬಂದ ಡ್ರಗ್ಸ್ ಇನ್‌ಸ್ಪೆಕ್ಟರ್ ಮೇಡಂ ಅದನ್ನು ಗಟ್ಟಿಯಾಗಿ ಓದಿದರು. "ನೀಲಿ ಗೇಟಿನ ಆಂಟಿ, ಹತ್ತು. ಸೊಸೆ ಜೊತೆ ಮಾತು ಬಿಟ್ಟ ಅಜ್ಜಿ, ಹತ್ತು. ವಿಳಾಸ, ಮುನೇಶ್ವರನ ಗುಡಿ ಹಿಂದೆ, ನಾಯಿ ಇದೆ. ಏನ್ರೀ ಇದು?"

"ನಾಯಿ ಇರೋದು ನಿಜ ಮೇಡಂ."

"ಇನ್ಮೇಲೆ ಎಲ್ಲಾ ಆನ್‌ಲೈನ್ ಆಗುತ್ತೆ. ಕಂಪ್ಯೂಟರ್‌ಗೆ ನೀಲಿ ಗೇಟು ಅಂತ ಹಾಕ್ತೀರಾ? ಹದಿನೈದು ದಿನ ಟೈಮ್ ಕೊಡ್ತೀನಿ. ಎಲ್ಲರ ಪೂರ್ತಿ ಹೆಸರು, ಚೀಟಿ ನಕಲು ತರಿಸಿ ಇಡಿ. ಇಲ್ಲಾಂದ್ರೆ ಲೈಸೆನ್ಸ್ ಸಸ್ಪೆಂಡ್."

ಲೈಸೆನ್ಸ್ ಎಂದ ಮೇಲೆ ಇನ್ನೇನು, ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡೆ. ಗಿರಾಕಿಗಳ ಮನೆಬಾಗಿಲಿಗೆ ಹೊರಟೆ. ನೀಲಿ ಗೇಟಿಗೆ ಆಗಲೇ ಹಸಿರು ಬಣ್ಣ ಬಳಿದಿದ್ದರು! ಹೆಸರು ಕೇಳಿದ್ದೇ ತಡ, ಆಂಟಿಯ ಮುಖ ಸಪ್ಪಗಾಯಿತು. "ಯಾಕಪ್ಪಾ, ನಾನೇನ್ ಮಾಡ್ದೆ? ಮಗಳಿಗೆ ಗಂಡು ನೋಡ್ತಾ ಇದೀವಿ. ನಿದ್ದೆ ಮಾತ್ರೆ ವಿಷ್ಯ ಅವರ ಕಿವಿಗೆ ಬಿದ್ರೆ?" ಯಾರಿಗೂ ಹೇಳುವುದಿಲ್ಲವೆಂದು ದೇವರ ಮೇಲೆ ಆಣೆಯಿಟ್ಟ ಮೇಲೆಯೇ ಅವರು ಚೀಟಿ ತಂದುಕೊಟ್ಟದ್ದು. ಅಜ್ಜಿಯ ಮನೆಯಲ್ಲಿ ಇನ್ನೂ ಫಜೀತಿ. ಸಹಿಗೆಂದು ರಿಜಿಸ್ಟರ್ ಮುಂದೆ ಹಿಡಿದೆ, ಅಜ್ಜಿ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ಸೊಸೆ ವಿಷ್ಯ ನಿಂಗ್ಯಾರೋ ಹೇಳಿದ್ದು? ಅವಳೇನಾ?" ಅಂದವರೇ ಮಾತು ಬಿಟ್ಟವರ ಪಟ್ಟಿಗೆ ನನ್ನನ್ನೂ ಸೇರಿಸಿದರು.

ಹದಿನಾರನೆಯ ದಿನ ಮೇಡಂ ಬಂದರು. ಪುಟ ತಿರುಗಿಸುತ್ತ, ಕೆಲವು ಕಡೆ ಹುಬ್ಬುಗಂಟಿಕ್ಕಿ, ಕೊನೆಯ ಸಾಲಿನಲ್ಲಿ ನಿಂತರು. ಪೂರ್ತಿ ಹೆಸರು, ಮನೆ ನಂಬರು, ಪಿನ್‌ಕೋಡು, ಡಾಕ್ಟರ ನೋಂದಣಿ ಸಂಖ್ಯೆ, ಚೀಟಿಯ ನಕಲು ಎಲ್ಲ ಅಚ್ಚುಕಟ್ಟು. "ಹೀಗಿರ್ಬೇಕು ನೋಡಿ. ಮಿಕ್ಕಿದ್ದೂ ಇದೇ ಥರ ಮಾಡಿ, ಇನ್ನೊಂದು ತಿಂಗಳು ಕೊಡ್ತೀನಿ. ಯಾರ್ರೀ ಇವರು, ಇಷ್ಟು ಜವಾಬ್ದಾರಿ ಇರೋ ಪೇಷೆಂಟು?"

"ನಾನೇ ಮೇಡಂ," ಅಂದೆ. "ನೀವು ಬಂದುಹೋದಾಗಿನಿಂದ."