ಸೊನ್ನೆಗಿಂತ ಕೆಳಗಿಳಿದ ಮುಳ್ಳು

ಬರಾಸ: ನಿನ್ನ ಮಟಾಟು ಹೊರಡೋ ಮೊದ್ಲು ಹಿಂದಕ್ಕೆ ಹೋಗುತ್ತೆ, ತಾಯಿ! ಮುಳ್ಳು ನೋಡು, ಸೊನ್ನೆಗಿಂತ ಕೆಳಗಿಳಿದಿದೆ.

ನ್ಯೊಕಾಬಿ: ಹಿಂದಕ್ಕೆ ಹೋಗಲ್ಲ, ದಮ್ಮು ಕಟ್ಟುತ್ತೆ. ಬೆಕ್ಕು ಜಿಗಿಯೋ ಮುಂಚೆ ಹಿಂದಕ್ಕೆ ಬಾಗಲ್ವಾ? ಆನಿಮೇಷನ್ನಿನ ಮೊದಲ ಪಾಠ ಅದು.

ಬರಾಸ: ಬೆಕ್ಕಿಗೆ ಯಾರೂ ಲೈಸೆನ್ಸ್ ಕೇಳಲ್ಲ.

(ನೈರೋಬಿಯ ಒಂದು ಆನಿಮೇಷನ್ ಸ್ಟುಡಿಯೋ. ರಸ್ತೆ ಸುರಕ್ಷತೆಯ ಕಿರುಚಿತ್ರದಲ್ಲಿ ಶಿಸ್ತಿನ ಮಟಾಟು, ಅಂದರೆ ಊರಿನ ಬಾಡಿಗೆ ವ್ಯಾನು, ಓಡುವ ದೃಶ್ಯ ನ್ಯೊಕಾಬಿಯದು. ಚಿತ್ರ ಮಾಡಿಸುತ್ತಿರುವ ಸಾರಿಗೆ ಅಧಿಕಾರಿಗಳು ಅದನ್ನು ಎರಡು ಸಲ ತಿರಸ್ಕರಿಸಿದ್ದಾರೆ. ಇವತ್ತೂ ಹಾಗಾದರೆ ದೃಶ್ಯ ಬೇರೆಯವರ ಪಾಲು. ಪರದೆಯ ಮೂಲೆಯಲ್ಲಿ ವೇಗದ ಮುಳ್ಳು ಇರಲೇಬೇಕೆಂಬುದು ಅವರ ಅಪ್ಪಣೆ. ಮುಳ್ಳಿನ ಲೆಕ್ಕ ಬರಾಸನದು.)

ನ್ಯೊಕಾಬಿ: ನಿನ್ನ ಲೆಕ್ಕಾನೇ ತಪ್ಪಿರಬೇಕು.

ಬರಾಸ: ಗಾಡಿ ಯಾವ ಫ್ರೇಮಲ್ಲಿ ಎಲ್ಲಿದೆ ಅಂತ ನಿನ್ನ ಚಾನೆಲ್ಲೇ, ಅಂದ್ರೆ ನೀನು ಕೊಟ್ಟ ಜಾಗದ ಪಟ್ಟೀನೇ ಹೇಳುತ್ತೆ. ಈ ಫ್ರೇಮಿನ ಜಾಗದಿಂದ ಹಿಂದಿನ ಫ್ರೇಮಿನ ಜಾಗ ಕಳೆದೆ. ಸೆಕೆಂಡಿಗೆ ಇಪ್ಪತ್ತೈದು ಫ್ರೇಮು, ಅದರಿಂದ ಗುಣಿಸಿದೆ. ವೇಗ ಬಂತು. ಇದರಲ್ಲಿ ನನ್ನ ಕೈವಾಡ ಏನಿದೆ?

ನ್ಯೊಕಾಬಿ: ಐವತ್ತು ಕಿಲೋಮೀಟರು ದಾಟಿಲ್ಲ ತಾನೆ?

ಬರಾಸ: ಇಲ್ಲ. ಆದ್ರೆ ಹತ್ತೇ ಫ್ರೇಮಲ್ಲಿ ಐವತ್ತು ಮುಟ್ಟಿದೆ! ವೇಗಗಳನ್ನೂ ಹಾಗೇ ಕಳೆದು ಗುಣಿಸಿ ವೇಗೋತ್ಕರ್ಷ ನೋಡಿದೆ. ಅದು ರಾಕೆಟ್ಟಿಂದು. ಹಿಂದಿನ ಸೀಟಿನ ಅಜ್ಜಿ ಮಡಿಲಲ್ಲಿರೋ ಸುಕುಮಾ ಸೊಪ್ಪು ಗಾಜಿಗೆ ಅಂಟಿಕೊಳ್ಳುತ್ತೆ.

ನ್ಯೊಕಾಬಿ: ಅಜ್ಜೀನ ನಾನು ಬರೆದೇ ಇಲ್ಲ.

ಬರಾಸ: ಪುಣ್ಯಾತ್ಗಿತ್ತಿ, ಬಚಾವಾದ್ಲು. ನಿಲ್ಲಿಸೋದಾದ್ರೂ ನೆಟ್ಟಗಿದೆಯಾ? ಸ್ಟಾಪು ದಾಟಿ ಹೋಗಿ ವಾಪಸ್ ಬರುತ್ತೆ!

ನ್ಯೊಕಾಬಿ: ಅದು ಜೀವಂತಿಕೆ!

ಬರಾಸ: ದಂಡ ಕಟ್ಟೋವಾಗ ಹಾಗೇ ಹೇಳು.

(ಅವಳು ಹಲ್ಲು ಕಚ್ಚಿಕೊಂಡು ಆ ದಮ್ಮನ್ನೂ ಜೀವಂತಿಕೆಯನ್ನೂ ಅಳಿಸಿದಳು. ಮುಳ್ಳು ಸೊನ್ನೆಯಿಂದ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಿತು.)

ನ್ಯೊಕಾಬಿ: ನೋಡು, ಹೆಣದ ಗಾಡಿ. ಹಿಂದೆ ಅಳೋರನ್ನೂ ಸೇರಿಸ್ಲಾ?

ಬರಾಸ: ಸೇರಿಸು. ಅವರ ವೇಗಾನೂ ನೋಡಿಬಿಡ್ತೀನಿ.

(ಅಧಿಕಾರಿ ಚೆಲಂಗಾತ್ ಮೇಡಂ ಬಂದರು. ಕೆದರಿದ ಕೂದಲನ್ನು ಸರಿಪಡಿಸಿಕೊಳ್ಳುತ್ತ ದೃಶ್ಯವನ್ನು ಕೊನೆಯವರೆಗೂ ನೋಡಿದರು.)

ಮೇಡಂ: ಪಾಸು. ಶಿಸ್ತು ಅಂದ್ರೆ ಇದು. ಆದ್ರೆ ನೋಡೋರಿಗೆ ನಿದ್ದೆ ಬರುತ್ತೆ. ಪಕ್ಕದಲ್ಲಿ ಶಿಸ್ತಿಲ್ಲದ ಗಾಡಿ ಒಂದು ಬೇಕಿತ್ತು.

(ಬರಾಸ ತಾನು ಉಳಿಸಿಟ್ಟಿದ್ದ ನ್ಯೊಕಾಬಿಯ ಹಳೆಯ ದೃಶ್ಯವನ್ನು ತೆರೆದ. ಮಟಾಟು ಹಿಂದೆ ಸರಿಯಿತು, ಹಾರಿತು, ಸ್ಟಾಪು ದಾಟಿತು, ವಾಪಸ್ ಬಂತು.)

ಮೇಡಂ: ಅಬ್ಬಾ, ತದ್ರೂಪ! ಒಂದು ಕೂದಲೂ ಬದಲಾಯಿಸಬೇಡಿ. ನಾನು ಈಗ ಬಂದಿದ್ದು ಇಂಥದ್ರಲ್ಲೇ.

ನ್ಯೊಕಾಬಿ: ನೀವಾ, ಮೇಡಂ! ಶಿಸ್ತಿನ ಗಾಡಿ ಸಿಗಲಿಲ್ವಾ?

ಮೇಡಂ: ಸಿಕ್ಕಿತ್ತಮ್ಮ. ನಮ್ಮ ಸಾಹೇಬ್ರು ಅದಕ್ಕೆ ಹತ್ತಿದ್ರು. ಅವರಿನ್ನೂ ಬಂದಿಲ್ಲ.