ಕೈ ಎಲ್ಲಿಂದ ಎಲ್ಲಿವರೆಗೆ

ಮೈ ಚೆನ್ನಾಗಿರುವಷ್ಟು ದಿನ ಅದರ ಭಾಗಗಳಿಗೆ ಹೆಸರೇ ಬೇಕಾಗುವುದಿಲ್ಲ. ಎದ್ದೆ, ಬಗ್ಗಿದೆ, ಕೂತೆ ಅಂದರೆ ಮುಗಿಯಿತು. ಯಾವ ಮೂಳೆ ಎದ್ದಿತು, ಯಾವ ಕೀಲು ಬಗ್ಗಿತು ಅಂತ ಯಾರೂ ಕೇಳುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಮೇಷ್ಟ್ರು ದೇಹದ ಪಾಠ ಮಾಡಿದ್ದು ನೆನಪಿದೆ: ತಲೆ, ಮುಂಡ, ಕೈ, ಕಾಲು. ಅಷ್ಟು ವಿದ್ಯೆಯಲ್ಲೇ ನಾನು ಮದುವೆಯಾಗಿ, ಮಕ್ಕಳನ್ನು ಹೆತ್ತು, ಅಜ್ಜಿಯಾಗಿ, ವಿಮಾನ ಹತ್ತಿ ಬ್ರಿಸ್ಬೇನಿಗೆ ಬಂದೆ. ಭುಜದಿಂದ ಉಗುರಿನವರೆಗೆ ಎಲ್ಲಿ ನೋವು ಬಂದರೂ ‘ಕೈ ನೋವು’. ತೊಡೆಯಿಂದ ಹಿಮ್ಮಡಿವರೆಗೆ ಎಲ್ಲಿ ಬಂದರೂ ‘ಕಾಲು ನೋವು’. ಮಧ್ಯದಲ್ಲಿ ಎಲ್ಲಿ ಬಂದರೂ ‘ಸೊಂಟ ಹಿಡ್ಕೊಂಡಿದೆ’. ಒಟ್ಟಿಗೆ ಬಂದರೆ ‘ಮೈಕೈ ನೋವು’. ನಮ್ಮೂರಿನ ಡಾಕ್ಟರು ಇಷ್ಟೇ ಮಾತು ಇಟ್ಟುಕೊಂಡು ಊರಿಗೆಲ್ಲ ಗುಳಿಗೆ ಕೊಡುತ್ತಿದ್ದರು. ಜನ ಸಾಯಲೂ ಇಲ್ಲ, ಅಥವಾ ಸತ್ತವರು ಬಂದು ದೂರು ಹೇಳಲಿಲ್ಲ.

ಮಗಳು ಸುಜಾತಳ ಮನೆ ಇಲ್ಲಿನ ರನ್‌ಕಾರ್ನ್ ಬಡಾವಣೆಯಲ್ಲಿದೆ. ಹಿತ್ತಿಲಲ್ಲಿ ಬಟ್ಟೆ ಒಣಹಾಕುವುದಕ್ಕೆ, ಬಟ್ಟೆ ಕಿತ್ತುಹೋದ ದೊಡ್ಡ ಕೊಡೆಯಂಥದ್ದೊಂದನ್ನು ನೆಟ್ಟಿದ್ದಾರೆ. ಗಾಳಿ ಬಂದರೆ ಅದು ತನ್ನಷ್ಟಕ್ಕೆ ತಾನೇ ಸುತ್ತುತ್ತದೆ. ಒಂದು ದಿನ ನಾನು ಒದ್ದೆ ಬೆಡ್‌ಶೀಟನ್ನು ಅದರ ಮೇಲೆ ಎಸೆಯುವುದಕ್ಕೂ ಅದು ತಿರುಗುವುದಕ್ಕೂ ಸರಿಹೋಯಿತು. ಬೆಡ್‌ಶೀಟು ಅತ್ತ ಹೋಯಿತು, ನಾನು ಬಿಡಲಿಲ್ಲ, ಬಲಗೈಯಲ್ಲಿ ಏನೋ ಚುಳುಕ್ ಅಂದಿತು. ಎಣ್ಣೆ ಬಿಸಿ ಮಾಡಿ ತಿಕ್ಕಿದೆ, ಮುಲಾಮು ಹಚ್ಚಿದೆ. ಹೋಗುತ್ತೆ ಹೋಗುತ್ತೆ ಅಂದುಕೊಳ್ಳುವಷ್ಟರಲ್ಲಿ ಕೈ ಮೇಲಕ್ಕೆ ಏಳುವುದನ್ನೇ ನಿಲ್ಲಿಸಿತು. ಅನ್ನ ಕಲಸುತ್ತೆ, ಪಾತ್ರೆ ತೊಳೆಯುತ್ತೆ, ಕತ್ತಿನ ಹಿಂದಕ್ಕೆ ಹೋಗು ಅಂದರೆ ಮಾತ್ರ ಹೋಗುವುದಿಲ್ಲ. ಕತ್ತಿನ ಹಿಂದಕ್ಕೆ ಹೋಗದ ಕೈಯಲ್ಲಿ ತುರುಬು ಕಟ್ಟಿಕೊಳ್ಳುವುದು ಹೇಗೆ?

ನನ್ನದೇನೂ ಅಂಥಾ ಕೂದಲಲ್ಲ. ಹೆಣೆದರೆ ಇಲಿಬಾಲ, ಸುತ್ತಿದರೆ ನಿಂಬೆಹಣ್ಣು. ಆದರೆ ಆ ನಿಂಬೆಹಣ್ಣನ್ನು ದಿನಾ ಬೆಳಿಗ್ಗೆ ಕನ್ನಡಿಯೂ ಇಲ್ಲದೆ ನಾನೇ ಸುತ್ತಿಕೊಳ್ಳುತ್ತಿದ್ದೆ. ಈಗ ಸುಜಾತ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, ಕಾರಿನ ಕೀ ಹಲ್ಲಿನಲ್ಲಿ ಕಚ್ಚಿಕೊಂಡು ಒಂದು ಕ್ಲಿಪ್ಪು ಸಿಕ್ಕಿಸಿ ಓಡುತ್ತಿದ್ದಳು. ಭಾನುವಾರ ಮೊಮ್ಮಗಳು ತನ್ವಿಯ ಪಾಳಿ. ಅವಳು ಎಲ್ಲಾ ಕೂದಲನ್ನೂ ನೆತ್ತಿಗೆ ತಂದು ಅನಾನಸ್ ಹಣ್ಣಿನ ಜುಟ್ಟಿನ ಹಾಗೆ ನಿಲ್ಲಿಸಿ, ಫೋಟೋ ತೆಗೆದು ನಗುತ್ತಿದ್ದಳು.

ಒಂದು ದಿನ ಸುಜಾತ ಅಂದಳು, “ಅಮ್ಮ, ಇಂಡೂರೂಪಿಲ್ಲೀಲಿ ನಾನು ಹೋಗ್ತೀನಲ್ಲ, ಆ ಸಲೂನಲ್ಲೇ ಕಟ್ ಮಾಡಿಸಿಬಿಡೋಣ. ಕತ್ತಿನವರೆಗೆ ಅಷ್ಟೇ. ಆರಾಮಾಗಿರುತ್ತೆ.”

“ಯಾರಿಗೆ ಆರಾಮು?”

“ಇಬ್ಬರಿಗೂ. ತನ್ವಿ ಪರೀಕ್ಷೆ ಮುಗಿಯೋ ಶನಿವಾರ ಆರ್ವೋ ಬುಕ್ ಮಾಡ್ತೀನಿ.” ಇಲ್ಲಿ ಮಧ್ಯಾಹ್ನಕ್ಕೆ ಆರ್ವೋ ಅನ್ನುತ್ತಾರೆ. ಮಾತನ್ನು ಅರ್ಧಕ್ಕೆ ಕತ್ತರಿಸುವವರಿಗೆ ನನ್ನ ಕೂದಲು ಯಾವ ಲೆಕ್ಕ.

ಕೂದಲು ಹೋದರೆ ನಾನೇನೂ ಅಳುವವಳಲ್ಲ. ಭಯ ಬೇರೆ. ಇವತ್ತು ತುರುಬು ಕಟ್ಟಿಕೊಳ್ಳಲು ಆಗುವುದಿಲ್ಲ ಅಂತ ಕತ್ತರಿಸುತ್ತಾರೆ. ನಾಳೆ ಸೀರೆ ಯಾಕೆ, ನೈಟಿ ಸಾಕು ಅನ್ನುತ್ತಾರೆ. ನಾಳಿದ್ದು ನೀನು ಕೂತಿರಮ್ಮ, ನಾವು ಮಾಡ್ತೀವಿ ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಅದೇ ಕಷ್ಟ. ಒಂದು ಸಲ ಹಾಗೆ ಕೂತವಳನ್ನು ಆಮೇಲೆ ಯಾರೂ ಎಬ್ಬಿಸುವುದಿಲ್ಲ. ಆ ಶನಿವಾರದೊಳಗೆ ನನ್ನ ತುರುಬು ನಾನೇ ಕಟ್ಟಿ ತೋರಿಸಬೇಕು ಅಂತ ತೀರ್ಮಾನಿಸಿದೆ.

ಮನೆಯಲ್ಲೇ ಡಾಕ್ಟರು ಇದ್ದಾರೆ, ನನ್ನ ಅಳಿಯ. ಆದರೆ ಅವರು ಕಣ್ಣಿನ ಡಾಕ್ಟರು. “ಅತ್ತೆ, ನಂದು ಕಣ್ಣು ಮಾತ್ರ. ಪಕ್ಕದಲ್ಲಿರೋ ಮೂಗೂ ನಂಗೆ ಬರಲ್ಲ” ಅಂದು, ಫಿಸಿಯೋ ಹತ್ತಿರ ಹೋಗಿ ಅಂದರು. ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದವಳು ತನ್ವಿ. ಇವಳು ಯೂನಿವರ್ಸಿಟಿಯಲ್ಲಿ ಓದುತ್ತಿರುವುದೇ ಮನುಷ್ಯರ ಮೈ ಹೇಗೆ ಓಡಾಡುತ್ತೆ ಅನ್ನುವುದನ್ನು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಮೂಳೆಗಳ ಹೆಸರನ್ನು ಸಹಸ್ರನಾಮದ ಹಾಗೆ ಹೇಳಿಕೊಳ್ಳುತ್ತಿರುತ್ತಾಳೆ. ಕನ್ನಡ ಎಲ್ಲಾ ಅರ್ಥವಾಗುತ್ತೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು.

ಫಿಸಿಯೋ ಹೆಸರು ಕ್ರೇಗ್. ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಎತ್ತರ. ಎಲ್ಲಿ ನೋವು ಅಂತ ಕೇಳಿದ. “ಕೈ ನೋವು ಅಂತ ಹೇಳೇ” ಅಂದೆ. ತನ್ವಿ “ಹ್ಯಾಂಡ್” ಅಂದಳು. ಹ್ಯಾಂಡ್ ಅಂದರೆ ಕೈ ಅನ್ನುವಷ್ಟು ಇಂಗ್ಲಿಷು ನನಗೂ ಬರುತ್ತೆ, ಸರಿಯಾಗೇ ಹೇಳಿದಳು ಅಂದುಕೊಂಡೆ. ಅವನು ಅಂಗೈ ಚಾಚಿದ. ಡಾಕ್ಟರು ಅಂಗೈ ಚಾಚಿದರೆ ನಾಡಿ ನೋಡಲು ಮಣಿಕಟ್ಟು ಕೊಡುವುದು ನಮ್ಮ ಪದ್ಧತಿ, ಕೊಟ್ಟೆ. ಅವನು ಅದನ್ನು ಮೇಲೆತ್ತಿದ, ನನಗೆ ಜೀವ ಹೋಯಿತು. “ನೋವು ನೋವು” ಅಂದೆ. ಅವನು ಹಿಡಿದದ್ದು ಮಣಿಕಟ್ಟು, ನೋವಾದದ್ದು ಭುಜ. ನಾನು ಭುಜ ತೋರಿಸಬಹುದಿತ್ತು, ತೋರಿಸಲಿಲ್ಲ. ನೋವು ಎಲ್ಲಿದೆ ಅಂತ ನಾನೇ ಹೇಳಿಬಿಟ್ಟರೆ ಅವನು ಡಾಕ್ಟರಾಗಿ ಕಂಡುಹಿಡಿಯುವುದೇನು?

ಅವನು ಬೆರಳು ಮಡಿಸಿದ, ಬಿಡಿಸಿದ, ಕೊನೆಗೆ ಹಸಿರು ಬಣ್ಣದ ಒಂದು ಮುದ್ದೆ ಕೊಟ್ಟ. ದಿನಾ ಹಿಸುಕಬೇಕಂತೆ. ಥೇಟ್ ಚಪಾತಿ ಹಿಟ್ಟು. ಕೈ ಏಳುವುದಕ್ಕೂ ಹಿಟ್ಟು ನಾದುವುದಕ್ಕೂ ಏನು ಸಂಬಂಧ ಅಂತ ಅನ್ನಿಸಿತು. ಆದರೆ ಓದಿದವನು, ಎಲ್ಲಿಯದೋ ನರವನ್ನು ಇಲ್ಲಿಂದ ಎಳೆಯುತ್ತಿರಬಹುದು ಅಂತ ನಂಬಿ ಹಿಸುಕಿದೆ. ಟಿವಿ ಮುಂದೆ ಹಿಸುಕಿದೆ, ಸಾರು ಕುದಿಯುವಾಗ ಹಿಸುಕಿದೆ. ಗುಣ ಕಂಡಿತು, ಇಲ್ಲ ಅನ್ನುವುದಿಲ್ಲ. ನಾನು ಮುಚ್ಚಿದ ಉಪ್ಪಿನಕಾಯಿ ಜಾಡಿಯನ್ನು ಮನೆಯಲ್ಲಿ ಇನ್ನೊಬ್ಬರು ತೆಗೆಯಲಾಗಲಿಲ್ಲ. ನಾನು ನಿಲ್ಲಿಸಿದ ನಲ್ಲಿಯನ್ನು ತಿರುಗಿಸಲು ಅಳಿಯ ಎರಡೂ ಕೈ ಹಾಕಿ, “ಅತ್ತೆ, ಸ್ವಲ್ಪ ನಿಧಾನಕ್ಕೆ” ಅಂದರು. ಹಿಡಿತ ಪೈಲ್ವಾನನದು. ಎತ್ತಲು ಹೋದರೆ ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಶನಿವಾರ ಹತ್ತಿರ ಬರುತ್ತಿತ್ತು.

ಆಗ ತನ್ವಿಗೆ ಪರೀಕ್ಷೆಗೆ ಓದಲು ಒಂದು ಮೈ ಬೇಕಾಯಿತು. ನನ್ನನ್ನು ಹಾಲಿನ ಮಧ್ಯ ನಿಲ್ಲಿಸಿದಳು. “ಅಜ್ಜಿ, ಡು ಅಬ್ಡಕ್ಷನ್.” ಸೋಫಾದಲ್ಲಿದ್ದ ಅಳಿಯ ನಕ್ಕು, “ಅತ್ತೆ, ಆ ಪದಕ್ಕೆ ಅಪಹರಣ ಅಂತಲೂ ಅರ್ಥ ಇದೆ” ಅಂದರು. ಈ ವಯಸ್ಸಿನಲ್ಲಿ ಯಾರನ್ನು ಅಪಹರಿಸಲಿ ಅಂತ ಕೇಳಿದೆ. ಕೈಯನ್ನು ಪಕ್ಕದಿಂದ ಮೇಲಕ್ಕೆತ್ತುವುದು ಅಷ್ಟೇ ಅಂತೆ. ಎತ್ತಲು ಹೋಗಿ ಅಯ್ಯಪ್ಪಾ ಅಂದೆ.

“ಅಜ್ಜಿ, ದಟ್ಸ್ ಯುವರ್ ಶೋಲ್ಡರ್.”

“ಶೋಲ್ಡರ್ರೋ ಪೋಲ್ಡರ್ರೋ, ಆವತ್ತಿಂದ ಹೇಳ್ತಿಲ್ವಾ, ಕೈ ನೋವು ಅಂತ.”

“ಬಟ್ ದಿಸ್ ಈಸ್ ನಾಟ್ ಕೈ.”

“ಕೈ ಅಲ್ಲದೆ ಮತ್ತೆ ಕಾಲಾ?”

ಅವಳು ನನ್ನ ಅಂಗೈಯನ್ನು ತಟ್ಟಿ ಇದು ಹ್ಯಾಂಡ್ ಅಂದಳು, ಮೇಲಿನದಕ್ಕೆ ಆರ್ಮ್ ಅಂದಳು, ಅದರ ಮೇಲಿನದು ಶೋಲ್ಡರ್ ಅಂದಳು. ಇಂಗ್ಲಿಷರ ಕೈ ಮಣಿಕಟ್ಟಿಗೇ ಮುಗಿದುಹೋಗುತ್ತೆ ಅಂತ ನನಗೆ ಗೊತ್ತಾದದ್ದೇ ಆವತ್ತು. ನಮ್ಮ ಕೈ ಭುಜದಲ್ಲಿ ಹುಟ್ಟಿ ಉಗುರಿನವರೆಗೆ ಹರಿಯುತ್ತೆ, ನಡುವೆ ಗಡಿ ಇಲ್ಲ. ಅಡುಗೆಮನೆಯಿಂದ ಸುಜಾತ ಬಂದು, ವಿಷಯ ಕೇಳಿ, “ಹಾಗಾದ್ರೆ ಇಷ್ಟು ದಿನ ಏನು ಹಿಸುಕಿದೆ?” ಅಂದಳು. “ಚಪಾತಿ ಹಿಟ್ಟು” ಅಂದೆ.

ನಮ್ಮಲ್ಲಿ ಹೆಸರಿಲ್ಲವಾ ಅಂತ ತನ್ವಿ ಕೇಳಿದಾಗ ನನಗೇ ಆಶ್ಚರ್ಯವಾಯಿತು, ಎಲ್ಲಾ ಇದೆ. ಗಂಟು ಹೊರುವುದು ಹೆಗಲಿನ ಮೇಲೆ. ಮಗುವನ್ನು ಇಟ್ಟುಕೊಳ್ಳುವುದು ಕಂಕುಳಲ್ಲಿ. ಮೇಷ್ಟ್ರು ಜಿಗುಟುವುದು ರಟ್ಟೆ. ಹೂವಾಡಗಿತ್ತಿ ಮೊಳ ಅಳೆಯುವುದು ಮೊಣಕೈಯಿಂದ. ಬಳೆ ಕೂರುವುದು ಮುಂಗೈಗೆ. ಹೊರುವಾಗ, ಅಳೆಯುವಾಗ, ಜಿಗುಟುವಾಗ ಇಷ್ಟೊಂದು ಹೆಸರು ಬಳಸುವವಳು ನೋವು ಬಂದಾಗ ಮಾತ್ರ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕೈ ಅಂದುಬಿಡುತ್ತೇನೆ. ತನ್ವಿ ಒಂದೊಂದನ್ನೂ ಮುಟ್ಟಿ ಮುಟ್ಟಿ ಹೇಳಿದಳು. ರಟ್ಟೆಯನ್ನು ರೊಟ್ಟಿ ಅಂದಳು. ನನ್ನ ರಟ್ಟೆ ನೋಡಿದರೆ ಅದೂ ಸುಳ್ಳಲ್ಲ.

ಮತ್ತೆ ಕ್ರೇಗ್ ಹತ್ತಿರ ಹೋದೆವು. ಈ ಸಲ ನಾನು ಒಳಗೆ ಕಾಲಿಡುತ್ತಲೇ ಭುಜಕ್ಕೆ ಎರಡೇಟು ಹಾಕಿ ತೋರಿಸಿದೆ. ಅವನು ತನ್ವಿಯ ಮಾತು ಕೇಳಿ ಕೆಂಪಗಾಗಿ, ಆಮೇಲೆ ನಕ್ಕ. ಭುಜದ ಕೀಲು ಬಿಗಿದುಕೊಂಡಿದೆಯಂತೆ, ಬಿಡುತ್ತದಂತೆ, ನಿಧಾನ ಅಂತೆ. ಬಿಡುತ್ತೆ ಅಂದನಲ್ಲ, ನನಗೆ ಅಷ್ಟೇ ಬೇಕಿತ್ತು. ಅವನು ಹೇಳಿಕೊಟ್ಟ ಕಸರತ್ತುಗಳ ಹೆಸರು ನನ್ನ ನಾಲಿಗೆಗೆ ಬರಲಿಲ್ಲ, ನನ್ನವೇ ಇಟ್ಟುಕೊಂಡೆ. ಅಪಹರಣಕ್ಕೆ ‘ಬಸ್ ನಿಲ್ಲಿಸೋದು’ ಅಂತ ಇಟ್ಟೆ. ಕೈಯನ್ನು ಹಿಂದೆ ತಿರುಚಿ ಬೆನ್ನಿಗೆ ತರುವುದು ‘ಸೆರಗು ಸಿಕ್ಕಿಸೋದು’. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸುವುದು ‘ಹಲ್ಲಿ’. ಈ ಊರಿನ ಗೋಡೆಗಳಲ್ಲೂ ಹಲ್ಲಿಗಳಿಗೆ ಬರವಿಲ್ಲ, ನಾನೊಬ್ಬಳು ಹೆಚ್ಚು. ಮುಂದಿನ ಸಲ ಹೋದಾಗ ಕ್ರೇಗೇ ಗೋಡೆ ತೋರಿಸಿ, “ಅಜ್ಜಿ, ಹ್ಯಾಲಿ?” ಅಂದ. ಆ ಉದ್ದದ ಮನುಷ್ಯನ ಬಾಯಲ್ಲಿ ಹಲ್ಲಿ ಕೇಳಿ ನಾನು ನಕ್ಕ ನಗುವಿಗೆ ಕೈ ಇನ್ನೊಂದು ಬೆರಳಷ್ಟು ಮೇಲೆ ಹೋಯಿತು.

ಕೈ ಕಿವಿಯವರೆಗೆ ಬಂತು. ಆಮೇಲೆ ಕಿವಿಯಲ್ಲೇ ನಾಲ್ಕಾರು ದಿನ ಮನೆ ಮಾಡಿತು. ಆ ಶನಿವಾರ ಬೆಳಿಗ್ಗೆ ಸುಜಾತ ಕ್ಲಿಪ್ಪು ಹಿಡಿದು ಬಂದಾಗ, “ಅಲ್ಲೇ ಕೂತ್ಕೋ” ಅಂದೆ. ತಲೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿದೆ. ಅದು ಮೋಸ, ಕೈ ಬಾರದ ಕಡೆಗೆ ತಲೆಯನ್ನೇ ತರುವುದು. ಇರಲಿ. ಬೆರಳುಗಳು ಕಿವಿ ದಾಟಿದವು, ಕತ್ತಿನ ಹಿಂದೆ ಎಡಗೈಯನ್ನು ಮುಟ್ಟಿದವು. ಹಸಿರು ಮುದ್ದೆ ಹಿಸುಕಿದ ಬೆರಳುಗಳಲ್ಲವಾ, ಕೂದಲು ಸಿಕ್ಕಿದ್ದೇ ಬಿಗಿಯಾಗಿ ಸುತ್ತಿಬಿಟ್ಟವು. ತುರುಬು ಒಂದು ಕಡೆ ವಾಲಿತ್ತು, ಹುಬ್ಬು ಎರಡೂ ಮೇಲಕ್ಕೆ ಎಳೆದುಕೊಂಡಿದ್ದವು. ಸುಜಾತ ಕ್ಲಿಪ್ಪು ಕೆಳಗಿಟ್ಟಳು. ಹತ್ತಿರ ಬಂದು, ತುರುಬನ್ನು ಮುಟ್ಟಿ ನೋಡಿ, “ಗಟ್ಟಿ ಇದೆ” ಅಂದಳು. ಸಲೂನಿಗೆ ಆ ಮಧ್ಯಾಹ್ನ ಅವಳೇ ಹೋಗಿ ಕತ್ತರಿಸಿಕೊಂಡು ಬಂದಳು.

ಸಂಜೆ ತನ್ವಿ ಬಂದಳು, ಪರೀಕ್ಷೆ ಮುಗಿದ ಖುಷಿಯಲ್ಲಿ. “ಅಜ್ಜಿ, ಹೌ ಈಸ್ ಕೈ?”

“ಯಾವ ಕೈ? ಹೆಗಲೋ, ರಟ್ಟೆಯೋ, ಮುಂಗೈಯೋ? ಸರಿಯಾಗಿ ಕೇಳು” ಅಂದೆ. ಇಷ್ಟು ಕಲಿತ ಮೇಲೆ ಸ್ವಲ್ಪ ಗತ್ತು ಬೇಡವಾ? ಆ ಗತ್ತಿನಲ್ಲೇ ಸೋಫಾದಿಂದ ಏಳಲು ಹೋದೆ. ಆಗಲಿಲ್ಲ. ಹಾಗೇ ಕೂತೆ.

“ವಾಟ್ ಹ್ಯಾಪನ್ಡ್, ಅಜ್ಜಿ?”

“ಕಾಲು ನೋವು ಕಣೇ” ಅಂದುಬಿಟ್ಟೆ.

ತನ್ವಿ ಬ್ಯಾಗು ಕೆಳಗಿಟ್ಟಳು. ನನ್ನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. “ಎಲ್ಲಿ ಅಜ್ಜಿ? ಇಲ್ಲಿಂದ ಶುರು ಮಾಡ್ಲಾ?” ಅಂದಳು. ಅಷ್ಟೂ ಕನ್ನಡದಲ್ಲಿ. ಹೆಬ್ಬೆರಳು ಒತ್ತಿದಳು, ಹಿಮ್ಮಡಿ ಒತ್ತಿದಳು, ಮೀನಖಂಡ ಒತ್ತಿ ಇದರ ಹೆಸರೇನು ಅಂತ ಕೇಳಿದಳು. ನೋವು ಇದ್ದದ್ದು ಮಂಡಿಯಲ್ಲಿ. ನಾನು ಹೇಳಲಿಲ್ಲ. ಹುಡುಗಿ ಇನ್ನೂ ಕಲಿಯುತ್ತಿದ್ದಾಳೆ, ತಾನೇ ಕಂಡುಹಿಡಿಯಲಿ.