ಮೇಣ ಹಿಡಿದ ಬಾಗಿಲು

ಉದಯ ಕಾರಿನ ಬಾಗಿಲನ್ನು ಎರಡು ಹಳೇ ಟಯರುಗಳ ಮೇಲೆ ಮಲಗಿಸಿಕೊಂಡು ಅಡಿಯಂಚಿನ ತುಕ್ಕು ತಿಕ್ಕುತ್ತಿದ್ದ. ತಿಕ್ಕಿದಲ್ಲೆಲ್ಲ ತುಕ್ಕು, ತುಕ್ಕು ಹೋದಲ್ಲೆಲ್ಲ ತೂತು. ಹೊರತಗಡನ್ನು ಒಳಚೌಕಟ್ಟಿಗೆ ಹಿಡಿದಿದ್ದ ಮಡಿಕೆಯೇ ಕೊಳೆತು ಹೋಗಿತ್ತು. ಅದನ್ನು ಕತ್ತರಿಸಿ ಬಿಸಾಡಿದ. ಹೊಸ ಪಟ್ಟಿ ಇಟ್ಟು ವೆಲ್ಡ್ ಮಾಡಿದರೆ ಕೆಲಸ ಮುಗಿಯಿತು ಎಂದುಕೊಂಡ. ಅವನ ದುರ್ದಶೆ ಶುರುವಾದದ್ದು ಅಲ್ಲಿಂದಲೇ.

ಇಸಳೂರಿನ ಆ ಗ್ಯಾರೇಜಿನಲ್ಲಿ ಅವನು ಒಂಬತ್ತು ವರ್ಷ ಸವೆಸಿದ್ದ. ಹುಬ್ಬಳ್ಳಿಯ ಶೋರೂಮೊಂದು ಅವನನ್ನು ತೆಗೆದುಕೊಳ್ಳಲು ಒಪ್ಪಿತ್ತು. ಕೇಳಿದ್ದು ಒಂದೇ, ಸಹಿ ಸೀಲು ಇರುವ ಅನುಭವಪತ್ರ. ಆ ಪತ್ರವನ್ನು ಗ್ಯಾರೇಜಿನ ಒಡತಿ ರೋಹಿಣಿ ನಾಲ್ಕು ತಿಂಗಳಿಂದ ನಾಳೆ ನಾಳೆ ಎಂದು ಮುಂದೂಡುತ್ತಿದ್ದಳು. ಕೆಲಸ ಬಲ್ಲವನನ್ನು ಯಾರು ಕಳಿಸಿಕೊಡುತ್ತಾರೆ? ಇವತ್ತು ಸಂಜೆಯೊಳಗೆ ಪತ್ರ ಮುಟ್ಟದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಶೋರೂಮಿನವರು ಫೋನು ಮಾಡಿದ ಮೇಲೆ ಅವನು ರೋಹಿಣಿಯ ಕಾಲು ಹಿಡಿಯುವುದೊಂದು ಬಾಕಿ.

"ಆತು ಮಾರಾಯಾ. ಚನ್ನಯ್ಯನವರ ಕಾರಿನ ಬಾಗ್ಲು ಮಧ್ಯಾಹ್ನದೊಳಗೆ ಮುಗ್ಸು, ಸಹಿ ಹಾಕ್ತೆ. ಬಾಗ್ಲು ಆಗ್ಲಿಲ್ಲ, ಪತ್ರನೂ ಇಲ್ಲ" ಎಂದು ಹೇಳಿ ರೋಹಿಣಿ ಪೇಟೆಗೆ ಹೋಗಿದ್ದಳು.

ಉದಯ ಕಿಡಿ ಹಾರಿಸಿದ. ಮೊದಲು ಸಣ್ಣ ಹೊಗೆ. ಆಮೇಲೆ ಹವಾಯಿ ಚಪ್ಪಲಿ ಒಲೆಗೆ ಬಿದ್ದಂಥ ನಾತ. ಮತ್ತೆರಡು ಕಡೆ ಬೆಸುಗೆಯ ಟಾಕಿ ಹಾಕುವಷ್ಟರಲ್ಲಿ ಅಂಚಿನುದ್ದಕ್ಕೂ ಕಪ್ಪು ನೊರೆ ಕುದಿದು, ಬೆಂಕಿ ಹತ್ತಿತು. ಪಕ್ಕದ ಚಹಾ ಅಂಗಡಿಯ ಮಮತಾ ಓಡಿಬಂದು ಲೋಟ ತೊಳೆದ ನೀರನ್ನು ಬಕೆಟ್ ಸಮೇತ ಸುರಿದಳು. ಬೆಂಕಿ ಆರಿತು. ಉದಯ ಚಹಾಪುಡಿಯಲ್ಲಿ ಮಿಂದ. ಹೊರತಗಡು ಕಾವಲಿಯಿಂದೆದ್ದ ದೋಸೆಯ ಹಾಗೆ ಮೇಲೆದ್ದು ಚೌಕಟ್ಟಿನಿಂದ ಜಾರಿ ನೆಲಕ್ಕೆ ಬಿತ್ತು.

ಪಂಕ್ಚರ್ ಅಂಗಡಿಯ ಬೀರ ನಿಧಾನಕ್ಕೆ ಬಂದು ಬಗ್ಗಿ ನೋಡಿದ. "ಇದು ಹಳೇ ಜೀಪಲ್ಲ ಮಾರಾಯಾ. ಈಗಿನ ಬಾಗ್ಲಿಗೆಲ್ಲ ತಗಡಿನ ಅಂಚಿಗೆ ಗಮ್ ಹಾಕಿ ಅಂಟ್ಸಿರ್ತಾರೆ. ಹತ್ರ ವೆಲ್ಡ್ ಮಾಡಿದ್ರೆ ಗಮ್ ಸುಟ್ಟೇಹೋಗ್ತದೆ."

"ಮುಂಚೆ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ನೀ ಕೇಳ್ದ್ಯನಾ?"

ಅಂಥ ಗಮ್ ಹುಬ್ಬಳ್ಳಿಯಿಂದ ಬರಬೇಕು, ಎರಡು ದಿನ. ಉದಯ ಟಯರಿನ ಮೇಲೆ ಕೂತು ತಲೆ ಹಿಡಿದುಕೊಂಡ. ಒಂಬತ್ತು ವರ್ಷ ಒಂದು ತಗಡಿನ ಜೊತೆ ನೆಲಕ್ಕೆ ಬಿದ್ದಿತ್ತು.

"ಅಳ್ಬೇಡ, ಅಂಟೇ ತಾನೆ ಬೇಕು?" ಎನ್ನುತ್ತ ಮಮತಾ ಒಳಗೆ ಹೋಗಿ, ಕೋಲಿಗೆ ಸುತ್ತಿಟ್ಟಿದ್ದ ಹಲಸಿನ ಮೇಣವನ್ನು ತಂದಳು. "ನಮ್ಮನೆ ತೂತು ಕೊಡಕ್ಕೆ ಇದನ್ನೇ ಹಚ್ಚಿದ್ದು. ಮೂರು ವರ್ಷ ಆತು, ಒಂದು ಹನಿ ಸೋರಿಲ್ಲ."

ಮುಳುಗುವವನು ಹುಲ್ಲುಕಡ್ಡಿಯ ಜಾತಕ ನೋಡುತ್ತಾನೆಯೇ? ಮೇಣವನ್ನು ಕೆಂಡಕ್ಕೆ ಹಿಡಿದು, ಕರಗಿಸಿ, ಚೌಕಟ್ಟಿನ ಸುತ್ತ ಬಳಿದ. ತಗಡು ಒತ್ತಿಹಿಡಿದ ಬೀರನ ಎರಡು ಬೆರಳು ಅಂಟಿಕೊಂಡವು. ಅವನ್ನು ಸೀಮೆಎಣ್ಣೆ ಹಾಕಿ ಬಿಡಿಸುವಷ್ಟರಲ್ಲಿ ಅವನು ಊರಿನ ಹಲಸಿನ ಮರಗಳಿಗೆಲ್ಲ ಶಾಪ ಹಾಕಿ ಮುಗಿಸಿದ್ದ. ತಗಡು ಮಾತ್ರ ಕೂತಿತು. ಸುಟ್ಟಲ್ಲಿ ಬಣ್ಣ ಹೊಡೆದು ಬಾಗಿಲನ್ನು ಕಾರಿಗೆ ಜೋಡಿಸಿ ಬೆವರು ಒರೆಸಿಕೊಳ್ಳುವಾಗ, ಬನವಾಸಿಯಿಂದ ಬಸ್ಸಿನಲ್ಲಿ ಬಂದ ಚನ್ನಯ್ಯನವರೂ ಪೇಟೆಯಿಂದ ರೋಹಿಣಿಯೂ ಒಟ್ಟಿಗೆ ಒಳಗೆ ಬಂದರು.

ಚನ್ನಯ್ಯನವರು ಬಾಗಿಲು ತೆಗೆದರು, ಹಾಕಿದರು. ಉದಯನ ಜೀವವೂ ಜೊತೆಗೇ ಹೋಗಿ ಬಂತು.

"ಭಾಳ ಚಲೋ ಮಾಡೀಯಪಾ! ಹೊಸದರಂಗ ಕಾಣ್ತೈತಿ."

ರೋಹಿಣಿಗೂ ಖುಷಿಯಾಯಿತು. ಅಲ್ಲೇ ಮೇಜಿನ ಮೇಲೆ ಪತ್ರ ಬರೆದು ಗಟ್ಟಿಯಾಗಿ ಓದಿದಳು: "ಬಾಗಿಲಿನ ಕೆಲಸದಲ್ಲಿ ಇವನಿಗೆ ಸಮನಾದವರು ತಾಲೂಕಿನಲ್ಲಿಲ್ಲ." ಸಹಿ, ಸೀಲು, ಲಕೋಟೆ. ಉದಯನಿಗೆ ಕಣ್ಣು ತುಂಬಿತು. ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಲಿ ಕೊಟ್ಟರೆ ಸಂಜೆಯೊಳಗೆ ಮುಟ್ಟುತ್ತದೆ.

ಚನ್ನಯ್ಯನವರು ಲಕೋಟೆಯ ಮೇಲಿನ ವಿಳಾಸ ನೋಡಿ ಕನ್ನಡಕ ಸರಿಮಾಡಿಕೊಂಡರು. "ಅಯ್ಯ, ಇದು ನಮ್ಮ ಅಳಿಯಾರ ಶೋರೂಮು! ನಾ ಈಗ ಅಲ್ಲಿಗೇ ಹೊಂಟೇನಿ. ಇತ್ಲಾಗ ಕೊಡ್ರಿ."

"ಬೇಡ ಸಾಹುಕಾರ್ರೇ, ನಾನು ಬಸ್ಸಿಗೆ..." ಉದಯ ಲಕೋಟೆಗೆ ಕೈ ಚಾಚಿದ.

"ಸುಮ್ನಿರು, ನಾಚ್ಕೋಬ್ಯಾಡ! ಪತ್ರಾ ಕೊಟ್ಟು, ಈ ಬಾಗಲಾನೂ ತೋರಸ್ತೀನಿ. ಅವರು ತೆಗೆದು, ಹಾಕಿ, ಬಡಿದು ನೋಡ್ಲಿ, ಕೆಲಸ ಅಂದ್ರ ಹೆಂಗಿರ್ಬೇಕಂತ!"

ನಿಜ ಹೇಳಿದರೆ ರೋಹಿಣಿ ಪತ್ರವನ್ನು ಇಲ್ಲೇ ಹರಿಯುತ್ತಾಳೆ. ಹೇಳದಿದ್ದರೆ ಅಲ್ಲಿ ಅಳಿಯ ಹರಿಯುತ್ತಾನೆ.

"ಅಲ್ಲಾ ಉದಯ," ಮಮತಾ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು, "ಹೇಳ್ಲಿಕ್ಕೆ ಮರ್ತೆ. ನಮ್ಮನೆ ಕೊಡ ನಾವು ನೆರಳಲ್ಲೇ ಇಡೂದು. ಬಿಸ್ಲು ತಾಗಿದ್ರೆ ಮೇಣ ಕರಗಿ ಹರಿದುಬಿಡ್ತದೆ."

ಚನ್ನಯ್ಯನವರು ಲಕೋಟೆಯನ್ನು ಅದೇ ಬಾಗಿಲಿನ ಒಳಜೇಬಿಗೆ ಸೇರಿಸಿ, ಬಾಗಿಲನ್ನು ಪ್ರೀತಿಯಿಂದ ಎರಡು ಸಲ ತಟ್ಟಿ, ಹತ್ತಿ ಕೂತರು. ಸುಡುಸುಡು ಮಧ್ಯಾಹ್ನದಲ್ಲಿ ಕಾರು ಹುಬ್ಬಳ್ಳಿ ರಸ್ತೆಗೆ ತಿರುಗಿತು. ನಾಲ್ಕು ತಿಂಗಳಿಂದ ಹೊರಡದೆ ಕೂತಿದ್ದ ಪತ್ರ ಅಂತೂ ಹೊರಟಿತು.